ಬೋಲ್ಟ್ ಬಿಚ್ಚುವ ಮೊದಲು ಸ್ವಲ್ಪ ಕೇಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ನಾನು ಸಾಗರದಲ್ಲಿ 31 ವರ್ಷದಿಂದ ಹೊಲಿಗೆ ಕ್ಲಾಸ್ ನಡೆಸುತ್ತಿದ್ದೇನೆ. ಶಾಲೆಗಳ ಯೂನಿಫಾರ್ಮ್, ಬ್ಲೇಜರ್ ಹೊಲಿದುಕೊಡುವುದೂ ಇದೆ. ಕಾರಿನ ವಿಷಯ ಬರೆಯಲು ನಿನಗೇನು ಗೊತ್ತು ಅಂತ ನಮ್ಮ ಯಜಮಾನರು ಕೇಳುತ್ತಾರೆ. ಆದರೆ ಒಂದು ‘ಕುಂಯ್’ ಸದ್ದಿಗಾಗಿ ನಾನು ಈಗಾಗಲೇ 11,350 ರೂಪಾಯಿ ಕೊಟ್ಟಿದ್ದೇನೆ. ಅಷ್ಟು ಫೀಸು ಕಟ್ಟಿದವಳು ನಾಲ್ಕು ಮಾತು ಆಡಬಹುದು, ಅಲ್ವಾ?

ನಮ್ಮದು ಸಣ್ಣ ಕಾರು, ಒಂಬತ್ತು ವರ್ಷ ಹಳೆಯದು. ಹೆಚ್ಚಾಗಿ ಓಡಿಸುವವಳು ನಾನೇ. 2025ರ ನವರಾತ್ರಿ ಮುಗಿದ ವಾರ ಅದರೊಳಗೆ ಒಂದು ಸದ್ದು ಶುರುವಾಯಿತು. ಹಳೇ ಮನೆಗಳಲ್ಲಿ ತೂಗುಮಂಚದ ಕೊಂಡಿ ಇರುತ್ತಲ್ಲ, ಎಣ್ಣೆ ಕಾಣದೆ ವರ್ಷಗಟ್ಟಲೆ ಆಗಿರುವಂಥದ್ದು, ಥೇಟ್ ಹಾಗೆ. ಕುಂಯ್. ಸ್ವಲ್ಪ ಬಿಟ್ಟು ಮತ್ತೆ ಕುಂಯ್. ಹಿಂದೆ ಅಂತ ಕಿವಿಗೊಟ್ಟರೆ ಮುಂದಿನಿಂದ ಬಂದಂತಿರುತ್ತಿತ್ತು. ಒಂದು ದಿನ ಎಡಗಡೆ ಬಾಗಿಲು ಅಂತ ಖಾತ್ರಿಯಾಯಿತು. ಮರುದಿನ ಡ್ಯಾಶ್‌ಬೋರ್ಡ್ ಅಂತ ಖಾತ್ರಿಯಾಯಿತು. ಕಾರು ಅಂದರೆ ತಗಡಿನ ಡಬ್ಬ. ಒಂದು ಮೂಲೆಯಲ್ಲಿ ಹುಟ್ಟಿದ ಸದ್ದು ತಗಡಿನೊಳಗೇ ಓಡಾಡಿ, ಗಾಜಿಗೆ ಬಡಿದು, ಇನ್ನೆಲ್ಲೋ ಬಂದು ಕಿವಿಗೆ ಬೀಳುತ್ತದೆ. ಕಿವಿ ಒಂದನ್ನೇ ನಂಬಿದರೆ ಕೆಟ್ಟಿರಿ.

ಮೊದಲು ಮನೆಮದ್ದು ಮಾಡಿದೆ. ಸ್ಟೆಪ್ನಿ, ಜಾಕಿ, ಬಾಗಿಲ ಜೇಬಿನ ಚಿಲ್ಲರೆ, ಕನ್ನಡಕದ ಡಬ್ಬಿ, ಎಲ್ಲ ತೆಗೆದು ಜಗುಲಿ ಮೇಲೆ ಹರವಿದೆ. ಡಿಕ್ಕಿಯಲ್ಲಿ ಮೂರು ಬಾಬಿನ್, ಒಂದು ಕತ್ತರಿ, ಮತ್ತು ಯಾರೋ ಕದ್ದಿದ್ದೀರಿ ಅಂತ ನಾನು ಕ್ಲಾಸಿನ ಹುಡುಗಿಯರನ್ನು ಬೈದಿದ್ದ ಟೇಪು ಸಿಕ್ಕವು. ಸದ್ದು ಹೋಗಲಿಲ್ಲ. ಬಾಗಿಲಿನ ರಬ್ಬರ್ ಒಣಗಿರಬೇಕು ಅಂತ ಹೊಲಿಗೆ ಮೆಷಿನ್ನಿನ ಎಣ್ಣೆ ಹಿಡಿದು ಹೊರಟೆ. ಪಕ್ಕದ ಪಂಚರ್ ಅಂಗಡಿಯ ಹುಡುಗ ಓಡಿ ಬಂದ. “ಟೀಚರ್, ಆ ಎಣ್ಣೆ ಹಾಕ್ಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತೆ. ಸಿಲಿಕೋನ್ ಸ್ಪ್ರೇ ಹಾಕಿ, ಇಲ್ಲಾಂದ್ರೆ ಸ್ವಲ್ಪ ಪೌಡರ್ ಸವರಿ” ಅಂದ. ಮುಖಕ್ಕೆ ಹಚ್ಚುವ ಪೌಡರನ್ನೇ ಸವರಿದೆ. ಕಾರು ಮದುವೆಮನೆ ಥರ ಘಮಘಮ ಅಂದಿತು. ಕುಂಯ್ ಮಾತ್ರ ಅಲ್ಲೇ ಇತ್ತು.

ಆಮೇಲೆ ಗ್ಯಾರೇಜ್. ಹೆಸರು ಬೇಡ, ಒಳ್ಳೆಯ ಜನವೇ. ಮೊದಲನೆಯವರು ಕಾರನ್ನು ಮೇಲೆತ್ತಿ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ, “ಲೋಯರ್ ಆರ್ಮ್ ಬುಷ್ ಹೋಗಿದೆ ಮೇಡಂ, ಲಿಂಕೂ ಸವೆದಿದೆ” ಅಂದರು. ಬುಷ್ ಅಂದರೆ ಕಬ್ಬಿಣದ ಎರಡು ಭಾಗ ಒಂದಕ್ಕೊಂದು ಬಡಿಯದಂತೆ ನಡುವೆ ಕೂರಿಸಿದ ರಬ್ಬರ್. ಒಂಬತ್ತು ವರ್ಷಕ್ಕೆ ಅದು ಬಿರುಕು ಬಿಟ್ಟಿತ್ತು, ನನಗೂ ತೋರಿಸಿದರು. ಸುಳ್ಳಲ್ಲ. 4,150 ರೂಪಾಯಿ ಆಯಿತು. ಚಕ್ರದ ಅಲೈನ್‌ಮೆಂಟ್ ಅಂತ ಮೇಲೆ 800. ಮನೆಗೆ ಬರುವಾಗ ನಮ್ಮ ಬೀದಿಯ ಹಂಪ್ ಹತ್ತಿಳಿಯಿತು. ಕುಂಯ್.

ಈ ಹಂಪಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಸಿಟ್ಟಿನಲ್ಲಿ ಒಂದು ದಿನ ನನ್ನ ಟೇಪು ಹಿಡಿದು ಅಳತೆ ಮಾಡಿದೆ. ಅಗಲ 19 ಇಂಚು, ಎತ್ತರ ನಾಲ್ಕೂವರೆ ಇಂಚು. ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕದಲ್ಲಿ ಹಂಪ್ 3.7 ಮೀಟರ್ ಅಗಲ ಇರಬೇಕು, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವ ಹಾಗೆ. ಅಂದರೆ ಎತ್ತರ ಹೆಚ್ಚುಕಮ್ಮಿ ಸರಿ ಇದೆ. ಅಗಲವನ್ನು ಮಾತ್ರ ಕತ್ತರಿಸಿ ಗೋಡೆ ಮಾಡಿದ್ದಾರೆ. ನಾನು ಸೀರೆಗೆ ಪೂರ್ತಿ ಫಾಲ್ ಹಾಕುವ ಬದಲು ಒಂದೂವರೆ ಅಡಿಗೆ ಮಾತ್ರ ಹಾಕಿ ಕೊಟ್ಟರೆ ಯಾರಾದರೂ ಸುಮ್ನೆ ಬಿಡುತ್ತಾರಾ? ಇರಲಿ, ಅದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ.

ಎರಡನೇ ಗ್ಯಾರೇಜಿನವರು ಹಿಂದಿನ ಎರಡೂ ಶಾಕಪ್, ಅಂದರೆ ಗುಂಡಿಯಲ್ಲಿ ಕಾರು ಕುಲುಕದಂತೆ ತಡೆಯುವ ಶಾಕ್ ಅಬ್ಸಾರ್ಬರ್, ಬದಲಾಯಿಸಬೇಕು ಅಂದರು. 6,400 ರೂಪಾಯಿ. ಇವರು ಪಾಪ, ಕೆಲಸ ಮುಗಿದ ಮೇಲೆ ಟ್ರಯಲ್‌ಗೂ ಕರೆದರು. ಮೇಸ್ತ್ರಿ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ, ಇಬ್ಬರು ಹುಡುಗರು ಹಿಂದೆ ಹತ್ತಿಕೊಂಡರು. ಹಂಪ್ ಹತ್ತಿಸಿದರು, ಗುಂಡಿಗೆ ಇಳಿಸಿದರು, ಬ್ರೇಕ್ ಒತ್ತಿದರು. ಒಂದು ಸದ್ದಿಲ್ಲ. “ಎಲ್ಲಿದೆ ಮೇಡಂ ಸೌಂಡು? ಹೋಯ್ತು ನೋಡಿ” ಅಂತ ಮೇಸ್ತ್ರಿ ನಕ್ಕರು. ನಾನೂ ನಕ್ಕೆ, ದುಡ್ಡು ಕೊಟ್ಟೆ. ಒಬ್ಬಳೇ ಮನೆ ಕಡೆ ಹೊರಟೆ. ಎರಡನೇ ತಿರುವಿನಲ್ಲಿ ಕುಂಯ್.

ವಾಪಸ್ ಹೋಗಿ ಹೇಳಿದರೆ, “ನಮಗೆ ಕೇಳಿಸಲಿಲ್ಲವಲ್ಲ ಮೇಡಂ” ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನನಗೆ ಗೊತ್ತು. ಈ ಅಮ್ಮನಿಗೆ ಕಿವಿಯಲ್ಲೇ ಏನೋ ಇದೆ ಅನ್ನುವ ನೋಟ. ಮನೆಯಲ್ಲೂ ಅದೇ ಆಯಿತು. ಅಣ್ಣನ ಸಂಸಾರ ಕೂರಿಸಿಕೊಂಡು ಇಕ್ಕೇರಿಗೆ ಹೋದರೆ ಸದ್ದಿಲ್ಲ. “ನೀನೊಬ್ಳೇ ಇದ್ದಾಗ ಮಾತ್ರ ಬರುತ್ತೆ ಅಂದ್ರೆ ಎಂತದ್ದು ಮಾರಾಯ್ತಿ, ದೆವ್ವವಾ?” ಅಂದರು ಅತ್ತಿಗೆ. ಅವರು ಹೇಳಿದ ಆ ಒಂದು ಮಾತಿನಲ್ಲೇ ಉತ್ತರ ಇತ್ತು. ನಾನು ಸಿಟ್ಟು ಮಾಡಿಕೊಂಡು ಕೂತೆನೇ ಹೊರತು ಯೋಚನೆ ಮಾಡಲಿಲ್ಲ.

ದೀಪಾವಳಿ ಕಳೆದು ಒಂದು ಭಾನುವಾರ ನಾವಿಬ್ಬರೂ ಸಿಗಂದೂರಿಗೆ ಹೊರಟೆವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತಲ್ಲ, ನಾವು ಇನ್ನೂ ನೋಡಿರಲಿಲ್ಲ. ಎಷ್ಟು ವರ್ಷ ಹಿನ್ನೀರು ದಾಟಿಸುವ ಆ ಲಾಂಚ್‌ಗಾಗಿ ಸಾಲಿನಲ್ಲಿ ಕಾದಿದ್ದೇವೆ! ಈಗ 2.44 ಕಿಲೋಮೀಟರ್ ಸೇತುವೆ, ಕೆಳಗೆ ಶರಾವತಿಯ ಹಿನ್ನೀರು. ಯಜಮಾನರು ಫೋಟೋ ತೆಗೆಯುತ್ತಿದ್ದರು. ನಾನು ಸದ್ದು ಕೇಳುತ್ತಿದ್ದೆ. ಸಾಗರದಿಂದ ಅಲ್ಲಿಯವರೆಗೂ ಕುಂಯ್‌ಗುಡುತ್ತ ಬಂದ ಕಾರು ಸೇತುವೆ ಮೇಲೆ ಗಪ್‌ಚಿಪ್. ಹತ್ತುವಾಗ ಜಾಯಿಂಟ್ ಹತ್ತಿರ ಒಮ್ಮೆ, ಆಚೆ ಇಳಿಯುವಾಗ ಒಮ್ಮೆ, ಅಷ್ಟೇ. ನಡುವೆ ಇಷ್ಟುದ್ದ ಚಕ್ರ ತಿರುಗಿದೆ, ಇಂಜಿನ್ ಓಡಿದೆ, ಗೇರ್ ಬದಲಾಗಿದೆ. ಸದ್ದಿಲ್ಲ. ಹಾಗಾದರೆ ತಿರುಗುವ ಯಾವ ವಸ್ತುವೂ ಇದರ ಕಳ್ಳ ಅಲ್ಲ ಅಂತ ಅವತ್ತು ಗೊತ್ತಾಯಿತು. ಮೈ ಕುಲುಕಿದಾಗ ಉಜ್ಜುವ ವಸ್ತು ಏನೋ ಇದೆ.

ಬರುವಾಗ ದೇವಸ್ಥಾನದ ಹತ್ತಿರ ಒಬ್ಬ ಅಜ್ಜಿ, ಮೊಮ್ಮಗಳ ಕೈ ಹಿಡಿದು, ಸಾಗರದ ತನಕ ಬಿಡ್ತೀರಾ ಅಂತ ಕೇಳಿದರು. ಹಿಂದೆ ಕೂರಿಸಿಕೊಂಡೆವು. ಸಾಗರ ಬರುವವರೆಗೆ ಒಂದು ಸಲ ಕೂಡ ಸದ್ದು ಬರಲಿಲ್ಲ. ಗುಂಡಿ, ಹಂಪ್, ಏನೇ ಬರಲಿ. “ಚೌಡೇಶ್ವರಿ ದಯೆ” ಅಂದರು ಯಜಮಾನರು, ಪೂರ್ತಿ ತಮಾಷೆಗಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಅಜ್ಜಿ ಇಳಿದರು. ಮುಂದಿನ ಹಂಪಿನಲ್ಲಿ ಕುಂಯ್.

ನಾನು ಕಾರನ್ನು ಅಲ್ಲೇ ಪಕ್ಕಕ್ಕೆ ಹಾಕಿದೆ. ಗ್ಯಾರೇಜಿನ ಇಬ್ಬರು ಹುಡುಗರು. ಅಣ್ಣನ ಸಂಸಾರ. ಅಜ್ಜಿ, ಮೊಮ್ಮಗಳು. ಎಲ್ಲರೂ ಕೂತದ್ದು ಹಿಂದಿನ ಸೀಟಿನಲ್ಲಿ!

ಇಲ್ಲಿ ಸ್ವಲ್ಪ ಹೊಲಿಗೆ ಮೆಷಿನ್ ವಿಷಯ ಹೇಳಬೇಕು. ಕಾಲಲ್ಲಿ ತುಳಿಯುವ ಮೆಷಿನ್ ಕಿರುಗುಟ್ಟುತ್ತದೆ ಅಂತ ಯಾರಾದರೂ ಬಂದರೆ ನಾನು ಎಣ್ಣೆ ಡಬ್ಬಿ ಮುಟ್ಟುವುದಿಲ್ಲ. ಮೊದಲು ಬೆಲ್ಟ್ ಕಳಚುತ್ತೇನೆ. ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತೇನೆ. ಕಿರ್ ಅಂದರೆ ತೊಂದರೆ ಮೇಲಿದೆ. ಅನ್ನದಿದ್ದರೆ ಕಾಲಿನ ಪೆಡಲ್ ತುಳಿದು ನೋಡುತ್ತೇನೆ. ಎರಡೂ ಅನ್ನದಿದ್ದರೆ ಬೆಲ್ಟೇ ಒಣಗಿದೆ. ಎರಡು ನಿಮಿಷದ ಕೆಲಸ. ಅರ್ಧ ಮಾಡುವುದು, ಅದರಲ್ಲಿ ಮತ್ತರ್ಧ ಮಾಡುವುದು. ಇದನ್ನು 31 ವರ್ಷ ನೂರಾರು ಹುಡುಗಿಯರಿಗೆ ಹೇಳಿಕೊಟ್ಟವಳು ಕಾರಿಗೆ ಬಂದ ಕೂಡಲೇ ಮರೆತಿದ್ದೆ ನೋಡಿ. ಕಾರು ದೊಡ್ಡ ವಿದ್ಯೆ, ನಮಗೆ ತಿಳಿಯುವುದಿಲ್ಲ ಅಂತ ನಾನೇ ಅಂದುಕೊಂಡುಬಿಟ್ಟಿದ್ದೆ.

ಮರುದಿನ ನೋಟ್‌ಬುಕ್ ಇಟ್ಟುಕೊಂಡೆ. ಗಾಡಿ ನಿಲ್ಲಿಸಿ ಇಂಜಿನ್ ರೇಸ್ ಮಾಡಿದರೆ ಸದ್ದಿಲ್ಲ, ಹಾಗಾಗಿ ಫ್ಯಾನ್ ಬೆಲ್ಟ್ ಅಲ್ಲ. ನಿಧಾನಕ್ಕೆ ಹೋಗುತ್ತ ಬ್ರೇಕ್ ಒತ್ತಿದರೆ ವ್ಯತ್ಯಾಸವಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಇಲ್ಲ. ನಿಂತ ಕಾರಿನ ನಾಲ್ಕೂ ಮೂಲೆ ಒತ್ತಿ ಕುಲುಕಿದರೂ ಇಲ್ಲ. ಒಂದು ಕಡೆ ಚಕ್ರ ಮಾತ್ರ ಗುಂಡಿಗೆ ಇಳಿದರೆ ಮಾತ್ರ ಜೋರಾಗಿ ಇದೆ. ಅಣ್ಣನ ಮಗನಿಗೆ ಓಡಿಸಲು ಹೇಳಿ ನಾನು ಪಕ್ಕದ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತೆ. ಒಂದೇ ಗುಂಡಿ ರಸ್ತೆ, ನಾಲ್ಕು ಸುತ್ತು. ಹಿಂದಿನ ಸೀಟಿನ ಬೆನ್ನಿಗೆ ಕೈ ಚಾಚಿ ಎಡಗಡೆ ತಳ್ಳಿ ಹಿಡಿದೆ. ಕುಂಯ್ ಬಂತು. ಬಲಗಡೆ ತಳ್ಳಿ ಹಿಡಿದೆ. ನಿಂತಿತು. ಬಿಟ್ಟೆ, ಬಂತು. ಹಿಡಿದೆ, ನಿಂತಿತು. “ಅತ್ತೇ, ಸಾಕು, ಜನ ನೋಡ್ತಿದಾರೆ” ಅಂದ ಹುಡುಗ. ನಾನು ಇನ್ನೂ ಎರಡು ಸುತ್ತು ಹಾಕಿಸಿದೆ. ಅಷ್ಟು ಖುಷಿಯಾಗಿತ್ತು.

ಸೀಟಿನ ಬೆನ್ನನ್ನು ಮಡಚಿ ನೋಡಿದರೆ, ಕಾರಿನ ಮೈಗೆ ಹೆಬ್ಬೆರಳು ದಪ್ಪದ ಒಂದು ಉಕ್ಕಿನ ಕೊಂಡಿ ಇದೆ. ಸೀಟಿನ ಬೀಗ ಅದನ್ನು ಕಚ್ಚಿ ಹಿಡಿಯುತ್ತದೆ. ಕೊಂಡಿಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ತೊಡಿಸಿರುತ್ತಾರೆ. ಬಲಗಡೆಯದು ಒಡೆದು ಅರ್ಧ ಬಿದ್ದುಹೋಗಿತ್ತು. ಉಕ್ಕಿಗೆ ಉಕ್ಕು ಉಜ್ಜುತ್ತಿತ್ತು. ಚಕ್ರ ಗುಂಡಿಗೆ ಇಳಿದರೆ ಕಾರಿನ ಮೈ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆಗ ಕೊಂಡಿ ಬೀಗದೊಳಗೆ ಅಂಟಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ. ಅದೇ ಕುಂಯ್. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಯಾರಾದರೂ ಸೀಟಿಗೆ ಒರಗಿ ಕೂತರೆ ಅವರ ಭಾರಕ್ಕೆ ಬೀಗ ಒಂದೇ ಕಡೆ ಒತ್ತಿಕೊಂಡು ಅಲ್ಲಾಡುವುದೇ ಇಲ್ಲ. ಸಂಗೀತ ಬಂದ್.

ಪ್ಲಾಸ್ಟಿಕ್ ಒಡೆದದ್ದು ಹೇಗೆ? ಅದನ್ನು ಹೇಳಲು ನಾಚಿಕೆಯಾಗುತ್ತದೆ. ನವರಾತ್ರಿ ಮುಗಿದ ಮೇಲೆ ಶಿವಮೊಗ್ಗದಿಂದ ಒಂದು ಹಳೆಯ ಮೆಷಿನ್ ಟೇಬಲ್ ತಂದಿದ್ದೆ. ಹಿಂದಿನ ಸೀಟು ಮಡಚಿ ತುರುಕಿದ್ದೆವು. ಆನಂದಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಟೇಬಲ್ ಒಮ್ಮೆ ಹಿಂದೆ ಮುಂದೆ ಮಾಡಿದ್ದೂ ನೆನಪಿದೆ. ಮನೆಗೆ ಬಂದು ಸೀಟು ಎತ್ತಿದಾಗ ಬೀಗ ಬೀಳಲಿಲ್ಲ ಅಂತ ಭುಜದಿಂದ ದಢಾರ್ ಅಂತ ಗುದ್ದಿದ್ದೆ. ಅದೇ ವಾರ ಸದ್ದು ಶುರು. “ಇದು ಶುರುವಾಗುವ ಮೊದಲು ಗಾಡಿಗೆ ಏನು ಮಾಡಿದ್ರಿ?” ಅಂತ ಒಬ್ಬರು, ಒಬ್ಬರೇ ಒಬ್ಬರು ಕೇಳಿದ್ದರೆ ನಾನು ಟೇಬಲ್ ಕತೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೇಬಲ್ಲಿಗೂ ಶಾಕಪ್ಪಿಗೂ ಏನು ಸಂಬಂಧ ಅಂತ ಯಾರಿಗೆ ಹೊಳೆಯುತ್ತದೆ?

ರಿಪೇರಿಗೆ ಖರ್ಚಾದದ್ದು ಸೊನ್ನೆ. ಬ್ಲೇಜರ್ ಕಾಲರಿನ ಅಡಿಗೆ ಹಾಕುವ ಫೆಲ್ಟ್ ಬಟ್ಟೆ ನಮ್ಮಲ್ಲಿ ಇದ್ದೇ ಇರುತ್ತದೆ. ಮೊದಲು ಎರಡು ಸುತ್ತು ಸುತ್ತಿದೆ, ಬೀಗ ಬೀಳಲಿಲ್ಲ. ಬಿಚ್ಚಿ ಒಂದೇ ಸುತ್ತು ಸುತ್ತಿ, ಅಂಟು ಹಾಕದೆ ನೈಲಾನ್ ದಾರದಲ್ಲಿ ಬಿಗಿಯಾಗಿ ಹೊಲಿದೆ. ಟಕ್ ಅಂತ ಬೀಗ ಬಿತ್ತು. ಜೋರಾಗಿ ಎಳೆದು ನೋಡಿದೆ. ಈ ಎಳೆದು ನೋಡುವುದು ಮುಖ್ಯ. ಸೀಟಿನ ಬೆನ್ನು ಸರಿಯಾಗಿ ಕಚ್ಚಿಕೊಳ್ಳದಿದ್ದರೆ, ಗಕ್ಕನೆ ಬ್ರೇಕ್ ಹಾಕಿದಾಗ ಡಿಕ್ಕಿಯಲ್ಲಿರುವ ಸಾಮಾನು ಸೀಟಿನ ಸಮೇತ ಮುಂದಿನವರ ಮೇಲೆ ಬರುತ್ತದೆ. ಕೆಲವು ಕಾರುಗಳಲ್ಲಿ ಬೀಗ ಸರಿಯಾಗಿ ಬೀಳದಿದ್ದರೆ ಕೆಂಪು ಗುರುತು ಕಾಣುವಂತೆ ಮಾಡಿರುತ್ತಾರೆ. ನಿಮ್ಮದರಲ್ಲಿ ಇದೆಯಾ, ನಾಳೆ ನೋಡಿ.

ಈ ಕತೆಯನ್ನು ಕ್ಲಾಸಿನಲ್ಲಿ ಹೇಳಿದ ಮೇಲೆ ನನಗೆ ಹೊಸ ಗಿರಾಕಿಗಳು ಶುರುವಾಗಿದ್ದಾರೆ. ರವಿಕೆ ಅಳತೆ ಕೊಡಲು ಬಂದವರು ಕಾರಿನ ಸದ್ದು ಹೇಳುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ, ದಯವಿಟ್ಟು ಗ್ಯಾರೇಜಿಗೆ ಹೋಗಿ ಅನ್ನುತ್ತೇನೆ. ಆದರೆ ಹೋದಾಗ ಬರೀ ‘ಸೌಂಡ್ ಬರ್ತಿದೆ’ ಅನ್ನಬೇಡಿ ಅಂತಲೂ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಸದ್ದಿಗೆ ಎಷ್ಟು ಮಾತಿದೆ! ಕುಂಯ್, ಕಿರ್, ಟಕ್‌ಟಕ್, ಗುಂಯ್, ಕರಕರ, ಒಂದೊಂದೂ ಬೇರೆ. ಬ್ರೇಕ್ ಒತ್ತಿದಾಗಲೆಲ್ಲ ಕೀಂ ಅಂತ ಕೀರಲು ಸದ್ದು ಬಂದರೆ ಅದನ್ನು ಮುಂದೂಡಬಾರದು. ಬ್ರೇಕ್ ಪ್ಯಾಡ್ ಸವೆದಿದೆ ಅಂತ ತಿಳಿಸಲೆಂದೇ ಎಷ್ಟೋ ಕಾರುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಆಗಲೂ ಸುಮ್ಮನಿದ್ದರೆ ಮುಂದಿನದು ಕರಕರ, ಆಗ ಡಿಸ್ಕೂ ಹೋದಂತೆ. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಸದ್ದು ಬಂದು ನಿಂತುಹೋದರೆ ಹೆದರುವುದು ಬೇಡ, ಅದು ರಾತ್ರಿ ಕೂತ ತೆಳು ತುಕ್ಕು. ನಮ್ಮ ಮಲೆನಾಡಿನಲ್ಲಿ ಅದು ಮಾಮೂಲು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಕಡೆಯಿಂದ ಕಿರುಚಿದರೆ ಬೆಲ್ಟ್ ನೋಡಿಸಿ. ವೇಗ ಹೆಚ್ಚಿದಂತೆ ಗುಂಯ್ ಕೂಡ ಹೆಚ್ಚಿದರೆ ಚಕ್ರದ ಬೇರಿಂಗ್ ಇರಬಹುದು. ಇವೆಲ್ಲ ಫೆಲ್ಟ್ ಬಟ್ಟೆಯಿಂದ ಆಗುವ ಕೆಲಸ ಅಲ್ಲ. ಇನ್ನೊಂದು, ಬ್ರೇಕಿಗೆ ಯಾವ ಕಾರಣಕ್ಕೂ ಎಣ್ಣೆ ಬಿಡಬೇಡಿ. ಬಿಟ್ಟವರೊಬ್ಬರು ನನಗೆ ಗೊತ್ತು. ಸದ್ದು ಹೋಯಿತು, ಬ್ರೇಕೂ ಹೋಯಿತು. ಪುಣ್ಯಕ್ಕೆ ಗದ್ದೆಗೆ ಇಳಿದರು.

ಸಂಪಾದಕರೇ, ನಾನು ಬರೆಯಲು ಹೊರಟದ್ದು ಇಲ್ಲಿಂದ ಮುಂದಿನ ವಿಷಯ.

ನನಗೆ ಗ್ಯಾರೇಜಿನವರ ಮೇಲೆ ಸಿಟ್ಟಿಲ್ಲ. ಮೊದಲು ಇತ್ತು, ಈಗಿಲ್ಲ. ಯಾಕೆ ಅಂದರೆ ನನ್ನ ಅಂಗಡಿಯಲ್ಲೂ ಇದೇ ನಡೆಯುತ್ತದೆ. ಹೋದ ತಿಂಗಳು ಒಬ್ಬರು ಮೆಷಿನ್ ಹೊತ್ತು ತಂದರು, ಹೊಲಿಗೆ ಬೀಳುತ್ತಿಲ್ಲ ಅಂತ. ಶಟಲ್ ಸಂದಿಯಲ್ಲಿ ಅರ್ಧ ಇಂಚು ದಾರ ಸಿಕ್ಕಿಕೊಂಡಿತ್ತು. ಸೂಜಿಮೊನೆಯಲ್ಲಿ ತೆಗೆದೆ. 50 ರೂಪಾಯಿ ಕೇಳಿದರೆ, “ಇಷ್ಟಕ್ಕೆ ದುಡ್ಡಾ ಟೀಚರ್? ಎಂತದ್ದೂ ಹಾಕಲಿಲ್ಲವಲ್ಲ” ಅಂದರು. ಅದೇ ನಾನು ಒಂದು ಹೊಸ ಬಾಬಿನ್ ಕೇಸ್ ಹಾಕಿ 350 ಕೇಳಿದ್ದರೆ ಸುಮ್ನೆ ಕೊಟ್ಟು ಹೋಗುತ್ತಿದ್ದರು. ಹಾಕಿದ್ದಕ್ಕೆ ಕೊಡುತ್ತೇವೆ, ಹುಡುಕಿದ್ದಕ್ಕೆ ಕೊಡುವುದಿಲ್ಲ. ಗ್ಯಾರೇಜಿನ ಮೇಸ್ತ್ರಿ ಅರ್ಧ ದಿನ ನನ್ನ ಜೊತೆ ಕಾರಿನಲ್ಲಿ ಕೂತು, ಸುತ್ತಾಡಿ, ಕೊನೆಗೆ “ಮೇಡಂ, ಒಂದು ಬಟ್ಟೆ ಚೂರು ಸುತ್ತಿ ಸಾಕು” ಅಂದಿದ್ದರೆ ನಾನು ಎಷ್ಟು ಕೊಡುತ್ತಿದ್ದೆ? ನಿಜ ಹೇಳುತ್ತೇನೆ, ಚಹಾಕ್ಕೆ ಅಂತ 100 ರೂಪಾಯಿ. ಅದೂ ದೊಡ್ಡ ಮನಸ್ಸು ಮಾಡಿ. ಶಾಕಪ್ ಬದಲಾಯಿಸಿದರೆ 6,400. ಅವರೂ ಸಂಸಾರಸ್ಥರು, ಯಾವುದನ್ನು ಮಾಡುತ್ತಾರೆ?

ಹಾಗಾಗಿ ಗ್ಯಾರೇಜಿನವರಲ್ಲಿ ನನ್ನ ಕೋರಿಕೆ ಇಷ್ಟು. ಗೋಡೆ ಮೇಲೆ ಆಯಿಲ್ ಚೇಂಜ್ ಇಷ್ಟು, ವಾಷಿಂಗ್ ಇಷ್ಟು ಅಂತ ಬರೆದಿರುತ್ತೀರಲ್ಲ, ಅದರ ಕೆಳಗೆ ‘ಸದ್ದು ಹುಡುಕುವ ಕೂಲಿ, ಗಂಟೆಗೆ ಇಷ್ಟು’ ಅಂತಲೂ ಬರೆಯಿರಿ. ಸಿಗಲಿ ಬಿಡಲಿ, ತೆಗೆದುಕೊಳ್ಳಿ. ಆದರೆ ಆ ಒಂದು ಗಂಟೆ ಗಾಡಿ ತಂದವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಸದ್ದು ಬರುವ ರಸ್ತೆಗೇ ಹೋಗಿ. ಹಿಂದೆ ಹುಡುಗರನ್ನು ಹತ್ತಿಸಬೇಡಿ! ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಗಾಡಿಗೆ ಏನಾಯಿತು, ಯಾರು ಕೂತಾಗ ಬರುತ್ತದೆ, ಯಾರು ಕೂತಾಗ ಹೋಗುತ್ತದೆ ಅಂತ ಕೇಳಿ. ಜಾಬ್ ಕಾರ್ಡಿನಲ್ಲಿ ನಾವು ಹೇಳಿದ ಮಾತನ್ನೇ ಬರೆದುಕೊಳ್ಳಿ. ನಾನು ‘ಕುಂಯ್ ಅನ್ನುತ್ತೆ, ಒಬ್ಬಳೇ ಇದ್ದಾಗ’ ಅಂದಿದ್ದೆ. ಕಾರ್ಡಿನಲ್ಲಿ ‘ಸಸ್ಪೆನ್ಷನ್ ನಾಯ್ಸ್’ ಅಂತ ಇತ್ತು, ಅಂದರೆ ಬುಷ್, ಶಾಕಪ್ ಕಡೆಯ ಸದ್ದು. ಉತ್ತರ ಅಲ್ಲೇ ಬರೆದಾಗಿತ್ತು, ಇನ್ನು ಪ್ರಶ್ನೆ ಯಾರಿಗೆ ಬೇಕು? ಮತ್ತೆ, ಬಿಚ್ಚಿದ ಹಳೇ ಸಾಮಾನನ್ನು ಕೇಳದಿದ್ದರೂ ಕೈಗೆ ಕೊಡಿ. ನನ್ನ ಹಳೇ ಶಾಕಪ್ ಎರಡೂ ಎಲ್ಲಿವೆಯೋ. ಅವು ಇನ್ನೂ ಎರಡು ವರ್ಷ ಬರುತ್ತಿದ್ದವೋ ಏನೋ ಅನ್ನುವ ಕೊರಗು ನನಗಿದೆ.

ನಮ್ಮಂಥ ಗಿರಾಕಿಗಳಿಗೆ ಹೇಳುವುದಾದರೆ, ಆ ಕೂಲಿ ಕೇಳಿದಾಗ ಚೌಕಾಸಿ ಮಾಡದೆ ಕೊಡಿ. ನಾನೂ ನನ್ನ ಅಂಗಡಿಯಲ್ಲಿ ಬೋರ್ಡ್ ಹಾಕಿದ್ದೇನೆ: ‘ಮೆಷಿನ್ ನೋಡುವುದಕ್ಕೆ 50 ರೂಪಾಯಿ.’ ಹಾಕಿದ ಮೇಲೆ ಇಬ್ಬರು ಜಗಳ ಆಡಿ ಹೋದರು, ಐದು ಜನ ಕೊಟ್ಟರು.

ಮೊನ್ನೆ ಎರಡನೇ ಗ್ಯಾರೇಜಿನ ಮೇಸ್ತ್ರಿ ಪೇಟೆಯಲ್ಲಿ ಸಿಕ್ಕಿದರು. ಕಾರಿನ ಹಿಂದಿನ ಬಾಗಿಲು ತೆಗೆದು ಕೊಂಡಿ ತೋರಿಸಿದೆ. ಬಗ್ಗಿ ನೋಡಿದರು, ಬೆರಳಲ್ಲಿ ಸವರಿದರು, ನನ್ನ ಹೊಲಿಗೆಯನ್ನು ಎರಡು ಸಲ ಎಳೆದು ನೋಡಿದರು. “ಈ ಬಟ್ಟೆ ಎಲ್ಲಿ ಸಿಗುತ್ತೆ ಟೀಚರ್?” ಅಂದರು. ಒಂದು ಮಾರು ಕತ್ತರಿಸಿ ಕೊಟ್ಟು ಕಳಿಸಿದ್ದೇನೆ.

ಇಂತಿ ತಮ್ಮ ಓದುಗಳು,
ಹೊಲಿಗೆ ಟೀಚರ್, ಸಾಗರ